ಮಗಳಿಗೆ 10 ವರ್ಷ, ಮೇಲಿನ ಹಲ್ಲು ಉಬ್ಬು. ಈಗಲೇ ಕ್ಲಿಪ್ ಹಾಕಿಸಬೇಕಾ, ಕಾಯಬೇಕಾ?

ಬೆಣ್ಣೆದೋಸೆ_ಊರು:
ಎಲ್ಲರಿಗೂ ನಮಸ್ಕಾರ. ಮಗಳು ಐದನೇ ಕ್ಲಾಸು. ಮೇಲಿನ ಮುಂದಿನ ಹಲ್ಲುಗಳು ಉಬ್ಬಿಕೊಂಡಿವೆ, ತುಟಿ ಸರಿಯಾಗಿ ಕೂಡುವುದಿಲ್ಲ. ನಡುವೆ ಸಂದು ಬೇರೆ. ಕೆಳಗಿನವು ಒಂದರ ಮೇಲೊಂದು ಹತ್ತಿಕೊಂಡಿವೆ. ಮನೆ ಹತ್ತಿರದ ಡಾಕ್ಟ್ರು 13 ಆಗಲಿ, ಹಾಲು ಹಲ್ಲು ಎಲ್ಲ ಬೀಳಲಿ, ಆಮೇಲೆ ಕ್ಲಿಪ್ ಹಾಕೋಣ ಅಂದರು. ಇನ್ನೊಬ್ಬರು ತಡ ಮಾಡಲೇಬೇಡಿ ಅನ್ನುತ್ತಾರೆ. ಯಾರ ಮಾತು ಕೇಳುವುದು? ಅತ್ತೆಯಂತೂ ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಹೋಗುತ್ತದೆ ಅಂತ ಒಂದೇ ಹಟ. ಇನ್ನೊಂದು, ನನಗೆ 37. ನನ್ನ ಕೆಳಗಿನ ಹಲ್ಲೂ ಓರೆಕೋರೆ. ಈ ವಯಸ್ಸಿನಲ್ಲಿ ಸರಿಯಾಗುತ್ತದಾ?

ಮಲೆನಾಡ_ಗಿರಿ:
ಈಗೀಗ ಎಲ್ಲ ಮಕ್ಕಳಿಗೂ ಕ್ಲಿಪ್ಪೇ. ನಮ್ಮಜ್ಜಿ ದಿನಾ ಮಲಗುವಾಗ ಬೆರಳಲ್ಲಿ ಹಲ್ಲು ಒಳಗೆ ಒತ್ತಿಸುತ್ತಿದ್ದರು. ಸಂದಿಗೆ ರಬ್ಬರ್ ಬ್ಯಾಂಡ್ ಹಾಕುವ ವಿಡಿಯೊ ಬೇಕಾದಷ್ಟಿವೆ, ನೋಡಿ. ಸುಮ್ನೆ ದುಡ್ಡು ಯಾಕೆ ಸುರಿಯುತ್ತೀರಿ?

ದವಡೆ_ಡಾಕ್ಟ್ರು:
ಮೊದಲು ಗಿರಿಯವರಿಗೆ. ಬೆರಳಲ್ಲಿ ಒತ್ತಿದರೆ ಹಾನಿಯೂ ಇಲ್ಲ, ಲಾಭವೂ ಇಲ್ಲ. ಹಲ್ಲು ಸರಿಯಬೇಕಾದರೆ ಸಣ್ಣ ಒತ್ತಡ ಗಂಟೆಗಟ್ಟಲೆ ಬೀಳುತ್ತಿರಬೇಕು. ಆಗ ಒತ್ತಡ ಬಿದ್ದ ಕಡೆ ಮೂಳೆ ಕರಗುತ್ತದೆ, ಹಿಂದುಗಡೆ ಹೊಸ ಮೂಳೆ ತುಂಬುತ್ತದೆ. ಎರಡು ನಿಮಿಷ ಒತ್ತಿದರೆ ಇದು ಆಗುವುದಿಲ್ಲ. ರಬ್ಬರ್ ಬ್ಯಾಂಡ್ ಮಾತ್ರ ದಯವಿಟ್ಟು ಯಾರೂ ಹಾಕಬೇಡಿ. ಅದು ಒಸಡಿನೊಳಗೆ ಜಾರಿ ಬೇರಿನ ಉದ್ದಕ್ಕೂ ಮೇಲೆ ಹೋಗುತ್ತದೆ, ಹೊರಗೆ ಕಾಣಿಸುವುದೇ ಇಲ್ಲ, ಸುತ್ತಲಿನ ಮೂಳೆ ತಿಂದು ಕೊನೆಗೆ ಒಳ್ಳೆಯ ಹಲ್ಲೇ ಉದುರುತ್ತದೆ.

ಮೇಡಂ, ನಡುವಿನ ಸಂದಿನ ಬಗ್ಗೆ ಈಗ ತಲೆ ಕೆಡಿಸಿಕೊಳ್ಳಬೇಡಿ. ಈ ವಯಸ್ಸಿನಲ್ಲಿ ಅದು ಮಾಮೂಲು. 11, 12ಕ್ಕೆ ಮೇಲಿನ ಕೋರೆಹಲ್ಲು ಇಳಿದಾಗ ಹೆಚ್ಚಿನವರಲ್ಲಿ ತಾನಾಗಿ ಮುಚ್ಚುತ್ತದೆ.

ಉಬ್ಬು ಬೇರೆ ವಿಷಯ. ಅದು ಹಲ್ಲಿನದಾ, ದವಡೆಯದಾ ಅಂತ ನೋಡಬೇಕು. ಬಹಳ ಮಕ್ಕಳಲ್ಲಿ ಮೇಲಿನ ಹಲ್ಲು ಮುಂದೆ ಬಂದಿರುವುದಕ್ಕಿಂತ ಕೆಳದವಡೆ ಹಿಂದೆ ಉಳಿದಿರುತ್ತದೆ. ಪಕ್ಕದಿಂದ ಮುಖ ನೋಡಿ, ಗದ್ದ ಒಳಗೆ ಹೋದ ಹಾಗಿದ್ದರೆ ಇದೇ ಇರಬಹುದು. ಹಾಗಿದ್ದರೆ ಟ್ವಿನ್ ಬ್ಲಾಕ್ ಥರದ ಪ್ಲೇಟು ಕೊಡುತ್ತಾರೆ. ಮೇಲೊಂದು, ಕೆಳಗೊಂದು, ತೆಗೆದು ಹಾಕುವಂಥದ್ದು. ಬಾಯಿ ಮುಚ್ಚಿದಾಗ ಅದು ಕೆಳದವಡೆಯನ್ನು ಮುಂದೆ ಹಿಡಿಯುತ್ತದೆ. ಚೆನ್ನಾಗಿ ಕೆಲಸ ಮಾಡುವುದು ಮಗು ಸರ್ರನೆ ಎತ್ತರ ಬೆಳೆಯುವ ಕಾಲದಲ್ಲಿ. ಹುಡುಗಿಯರಲ್ಲಿ ಇದು ಹುಡುಗರಿಗಿಂತ ಬೇಗ ಬರುತ್ತದೆ, ದೊಡ್ಡವಳಾದ ಮೇಲೆ ಆ ವೇಗ ಇಳಿಯುತ್ತದೆ. ಅದಕ್ಕೇ ಹುಡುಗಿಗೆ ಕಣ್ಣು ಮುಚ್ಚಿ 13 ಅನ್ನುವುದು ನನಗೆ ಸರಿ ಕಾಣುವುದಿಲ್ಲ. ಪಕ್ಕದಿಂದ ತೆಗೆದ ತಲೆಯ ಎಕ್ಸ್‌ರೇಯಲ್ಲಿ ಕತ್ತಿನ ಮೂಳೆ ನೋಡಿ ಬೆಳವಣಿಗೆ ಎಷ್ಟು ಬಾಕಿ ಇದೆ ಅಂತ ಅಂದಾಜು ಮಾಡಬಹುದು. ಉಬ್ಬು ಜಾಸ್ತಿ ಇದ್ದರೆ ಬಿದ್ದಾಗ ಮೊದಲು ಮುರಿಯುವುದೂ ಆ ಹಲ್ಲುಗಳೇ, ಅದೂ ಲೆಕ್ಕಕ್ಕಿರಲಿ.

ಆದರೆ ದವಡೆ ಸರಿ ಇದ್ದು, ಬರೀ ಹಲ್ಲು ಇಕ್ಕಟ್ಟಾಗಿದ್ದರೆ ಮೊದಲ ಡಾಕ್ಟ್ರು ಹೇಳಿದ್ದೇ ಸರಿ, ಕಾಯಬಹುದು. ಎಂಡಿಎಸ್ ಆರ್ಥೊಡಾಂಟಿಕ್ಸ್ ಮಾಡಿದವರಿಗೆ, ಅಂದರೆ ಹಲ್ಲು, ದವಡೆ ಸಾಲು ಸರಿಪಡಿಸುವ ತಜ್ಞರಿಗೆ, ಒಮ್ಮೆ ತೋರಿಸಿ. ಬೆರಳು ಚೀಪುವ ಅಭ್ಯಾಸ, ಬಾಯಲ್ಲಿ ಉಸಿರಾಡುವುದು ಇದ್ದರೆ ಮುಚ್ಚಿಡದೆ ಹೇಳಿ. ಅದು ನಿಲ್ಲದೆ ಏನು ಹಾಕಿದರೂ ಹಲ್ಲು ಮತ್ತೆ ಮುಂದೆ ಬರುವ ಸಾಧ್ಯತೆ ಜಾಸ್ತಿ.

ಅತ್ತೆಯವರಿಗೆ ಹೇಳಿ, ಹಲ್ಲಿನ ನರ ಬೇರೆ, ನೋಟದ ನರ ಬೇರೆ. ಕೀಳಿಸಲೇಬೇಕಾದರೆ ಸಾಮಾನ್ಯವಾಗಿ ಕೋರೆಹಲ್ಲಿನ ಹಿಂದಿನ ಸಣ್ಣ ದವಡೆ ಹಲ್ಲು ತೆಗೆಯುತ್ತಾರೆ, ಜಾಗ ಮಾಡುವುದಕ್ಕೆ. ಎಲ್ಲರಿಗೂ ಬೇಕಾಗುವುದಿಲ್ಲ.

ಕೋಡುಬಳೆ_ಪ್ರಿಯ:
ಅಕ್ಕಾ, 37 ಏನೂ ಜಾಸ್ತಿ ಅಲ್ಲ. ನಾನು ಹಾಕಿಸಿದ್ದು 34ಕ್ಕೆ, ಆಫೀಸಿನಲ್ಲಿ ಒಂದು ವಾರ ಎಲ್ಲರೂ ನೋಡಿದರು, ಆಮೇಲೆ ಯಾರಿಗೂ ನೆನಪೇ ಇಲ್ಲ. ಒಸಡು ಗಟ್ಟಿ ಇರಬೇಕು ಅಷ್ಟೇ. ಅದಕ್ಕೇ ನನಗೆ ಮೊದಲು ಕ್ಲೀನಿಂಗ್ ಮಾಡಿ, ಎಕ್ಸ್‌ರೇ ನೋಡಿ, ಆಮೇಲೇ ಶುರು ಮಾಡಿದರು. ಅಲೈನರ್, ಅಂದರೆ ತಂತಿ ಇಲ್ಲದೆ ತೆಗೆದು ಹಾಕುವ ಪಾರದರ್ಶಕ ಪ್ಲಾಸ್ಟಿಕ್ ಕವಚ, ಅದನ್ನೂ ಕೇಳಿ ನೋಡಿ. ಸ್ವಲ್ಪ ಓರೆ ಇದ್ದರೆ ಸಾಕಾಗುತ್ತದೆ, ಆದರೆ ದಿನಕ್ಕೆ 20ರಿಂದ 22 ಗಂಟೆ ಹಾಕಲೇಬೇಕು, ದಿನಕ್ಕೆ ಐದು ಸಲ ಕಾಫಿ ಕುಡಿಯುವ ನನ್ನಂಥವರಿಗೆ ಅದು ಆಗದ ಮಾತು. ನಾನು ತಂತಿಯದ್ದೇ ಹಾಕಿಸಿದೆ. ಬ್ರಷ್ ಮಾಡುವುದು ಮಾತ್ರ ದೊಡ್ಡ ಕೆಲಸ. ತಂತಿ ಕೆಳಗೆ ಹೋಗುವ ಸಣ್ಣ ಬ್ರಷ್ ತಗೊಳ್ಳಿ, ಇಲ್ಲದಿದ್ದರೆ ಕ್ಲಿಪ್ ಸುತ್ತ ಬಿಳಿ ಕಲೆ ಬರುತ್ತದೆ. ಚಕ್ಕುಲಿ, ಕೋಡುಬಳೆ, ಕಬ್ಬು ಎಲ್ಲ ಬಂದ್. ನನ್ನ ಹೆಸರು ನೋಡಿ, ಎಷ್ಟು ಕಷ್ಟ ಆಗಿರಬೇಡ! ಮುಗಿದ ಮೇಲೆ ಹಲ್ಲನ್ನು ಹೊಸ ಜಾಗದಲ್ಲೇ ಹಿಡಿದಿಡುವ ರಿಟೇನರ್ ಎಷ್ಟು ಕಾಲ ಹಾಕಬೇಕು ಅಂತ ಮೊದಲೇ ಕೇಳಿಕೊಳ್ಳಿ, ಬಿಟ್ಟರೆ ಹಲ್ಲು ಹಳೇ ಜಾಗಕ್ಕೇ ಹೊರಡುತ್ತದೆ.

ದುಡ್ಡಿನ ಚಿಂತೆ ಇದ್ದರೆ ದಾವಣಗೆರೆಯಲ್ಲೇ ಡೆಂಟಲ್ ಕಾಲೇಜುಗಳಿವೆಯಲ್ಲ, ಅಲ್ಲಿ ವಿಚಾರಿಸಿ. ಪಿಜಿ ಮಾಡುವವರು ಪ್ರೊಫೆಸರ್ ಎದುರು ಮಾಡುತ್ತಾರೆ. ಕಾಯುವುದು ಜಾಸ್ತಿ, ಖರ್ಚು ಸಾಮಾನ್ಯವಾಗಿ ಕಡಿಮೆ.

ಬೆಣ್ಣೆದೋಸೆ_ಊರು:
ತುಂಬಾ ಥ್ಯಾಂಕ್ಸ್. ಗದ್ದ ನೋಡಿದೆ, ಸ್ವಲ್ಪ ಒಳಗೇ ಇದೆ ಸರ್. ಸೋಮವಾರ ಕಾಲೇಜಿಗೆ ಕರೆದುಕೊಂಡು ಹೋಗುತ್ತೇನೆ. ಆ ಪ್ಲೇಟು ಹಾಕಿದರೆ ಶಾಲೆಯಲ್ಲಿ ಮಾತಾಡಲು ಆಗುತ್ತದಾ? ಅವಳು ಬಾಯಿಬಡುಕಿ.

ದವಡೆ_ಡಾಕ್ಟ್ರು:
ಮೊದಮೊದಲು ಸ, ಶ ತೊದಲುತ್ತದೆ, ಜೊಲ್ಲೂ ಜಾಸ್ತಿ. ಮನೆಯಲ್ಲಿ ಪಾಠ ಜೋರಾಗಿ ಓದಿಸಿ, ಬೇಗ ಒಗ್ಗುತ್ತದೆ. ಬಾಯಿಬಡುಕಿಯರಿಗೆ ಇನ್ನೂ ಬೇಗ.