ಅಪ್‌ಡೇಟ್: ಪೀಟನ್‌ಪೋಲ್ ಬಾಲದ ಬ್ರೇಸ್ ವೈರ್, ಕೊನೆಗೆ ಕೇಬಲ್ಲೇ

ಪೀಟನ್‌ಪೋಲ್ ಏರ್ ಕ್ಯಾಂಪರ್ (ಮನೆಯಲ್ಲೇ ಕಟ್ಟಿಕೊಳ್ಳುವ ಚಿಕ್ಕ ವಿಮಾನ) ಬಾಲವನ್ನು ಎಳೆದು ಹಿಡಿಯುವ ಬ್ರೇಸ್ ವೈರ್‌ಗೆ ಸ್ಟ್ರೀಮ್‌ಲೈನ್ ರಾಡ್ (ಗಾಳಿ ಸೀಳುವ ಆಕಾರದ ಸರಳು) ಹಾಕಲೋ ಕೇಬಲ್ ಹಾಕಲೋ ಅಂತ ಕೇಳಿದ್ದೆ. ಕೇಬಲ್ಲೇ ಆಯ್ತು. ರಾಡ್‌ಗೆ ಗಾಳಿಯ ತಡೆ ಕಮ್ಮಿ, ನಿಜ. ಆದರೆ ಅಳತೆ ಕೊಟ್ಟು ಮಾಡಿಸಬೇಕು, ಉದ್ದ ತಪ್ಪಿದರೆ ಕತ್ತರಿಸಿ ಸರಿಮಾಡೋಕೆ ಆಗಲ್ಲ. ಇಷ್ಟು ನಿಧಾನದ ವಿಮಾನಕ್ಕೆ ಆ ಖರ್ಚು ಬೇಡ.

ತರಿಸಿದ್ದು 1/8 ಇಂಚಿನ 7×19 (19 ತಂತಿಯ 7 ಎಳೆ ಹೊಸೆದದ್ದು) ಸ್ಟೇನ್‌ಲೆಸ್ ಕೇಬಲ್, ವಿಮಾನ ದರ್ಜೆಯದು. 1,760 ಪೌಂಡ್ ತಡೆಯುತ್ತೆ (ಗ್ಯಾಲ್ವನೈಸ್ಡ್ ಆದರೆ 2,000). ಆದರೆ ಟರ್ನ್‌ಬಕಲ್ (ಕೇಬಲ್ ಬಿಗಿಯುವ ತಿರುಪು) 1,600 ಪೌಂಡಿನದು, ಲೆಕ್ಕಕ್ಕೆ ಹಿಡಿಯಬೇಕಾದ್ದು ಅದನ್ನೇ.

ಎಡವಟ್ಟು ಆಗೋದು ತುದಿ ಕಟ್ಟುವಾಗ. ಸ್ಟೇನ್‌ಲೆಸ್‌ಗೆ ಬರೀ ತಾಮ್ರದ ನೈಕೋಪ್ರೆಸ್ ಸ್ಲೀವ್ (ಒತ್ತಿ ತುದಿ ಕಟ್ಟುವ ಕೊಳವೆ) ಬೇಡ. ಎರಡು ಬೇರೆ ಲೋಹ ತಾಗಿ ತುಕ್ಕು ಶುರುವಾಗುತ್ತೆ. ಲೇಪನ ಇರುವ 28-3-ಎಂ ತಗೊಳ್ಳಿ. ಮೂರು ಸಲ ಒತ್ತಬೇಕು: ಮೊದಲು ನಡುವೆ, ಆಮೇಲೆ ಥಿಂಬಲ್ (ಕೇಬಲ್ ಕುಣಿಕೆಯ ಒಳಗಿನ ಲೋಹದ ತೋಡು) ಪಕ್ಕ, ಕೊನೆಗೆ ಆಚೆ ತುದಿ. ಒತ್ತಿದಂತೆ ಸ್ಲೀವ್ ಉದ್ದವಾಗಿ ಕೇಬಲ್ಲಿನ ತುದಿಯನ್ನು ನುಂಗಿಬಿಡುತ್ತೆ, ಅದಕ್ಕೇ ಮೊದಲೇ ಸ್ವಲ್ಪ ಹೊರಗೆ ಬಿಡಿ. ಪ್ರತಿ ಒತ್ತೂ ಸರಿಯಾಗಿದೆಯಾ ಅಂತ ಗೇಜ್ (ಅಳತೆ ಪಟ್ಟಿ) ಹಾಕಿ ನೋಡಿ, ಬಿಡಲೇಬೇಡಿ.

ಬಿಗಿಯುವಾಗ ಎಡ ಬಲ ಎರಡನ್ನೂ ಸ್ವಲ್ಪ ಸ್ವಲ್ಪವೇ ತಿರುಗಿಸಿ, ಇಲ್ಲದಿದ್ದರೆ ಫಿನ್ (ಬಾಲದ ನೆಟ್ಟಗಿನ ರೆಕ್ಕೆ) ಒಂದು ಕಡೆಗೆ ವಾಲುತ್ತೆ. ಟರ್ನ್‌ಬಕಲ್ ಹೊರಗೆ 3ಕ್ಕಿಂತ ಹೆಚ್ಚು ಥ್ರೆಡ್ ಕಾಣಬಾರದು. ಟರ್ನ್‌ಬಕಲ್ ತಾನಾಗೇ ಸಡಿಲವಾಗದಂತೆ ಸೇಫ್ಟಿ ವೈರ್ ಸುತ್ತೋದೊಂದು ಬಾಕಿ ಇದೆ.