ಸಹಾಯ ಬೇಕು: ಮುಧೋಳ ನಾಯಿಗೆ ಅಜಿಲಿಟಿ ತರಬೇತಿ ಶುರು ಮಾಡೋದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾವಿರೋದು ಧಾರವಾಡದಲ್ಲಿ. ನಮ್ಮನೆ ಮುಧೋಳ ಹೆಣ್ಣು ನಾಯಿ ಚಿಗರಿಗೆ ಈಗ ಹತ್ತು ತಿಂಗಳು. ಬರೀ ವಾಕಿಂಗ್ ಅವಳಿಗೆ ಸಾಲ್ತಾ ಇಲ್ಲ, ತಲೆಗೂ ಕೆಲಸ ಬೇಕು ಅನಿಸಿ ಅಜಿಲಿಟಿ (ಅಡೆತಡೆಗಳನ್ನು ಜಿಗಿದು, ನುಸುಳಿ ದಾಟೋ ನಾಯಿಗಳ ಆಟ) ಕಲಿಸೋಣ ಅಂತಿದ್ದೀನಿ.

ಮೂಳೆ ಪೂರ್ತಿ ಬಲಿಯೋವರೆಗೆ ಎತ್ತರದ ಜಿಗಿತ ಬೇಡ ಅನ್ನೋದು ಗೊತ್ತು. ಅದಕ್ಕೇ ಪಿವಿಸಿ ಪೈಪನ್ನು ನೆಲದ ಮೇಲೇ ಇಟ್ಟು ದಾಟಿಸ್ತೀನಿ. ಟನಲ್ ಅಂದ್ರೆ ಪ್ರಾಣ, ಕರೆಯೋ ಮುಂಚೆ ನುಗ್ತಾಳೆ. ಕೂರು, ನಿಲ್ಲು, ಬಾ ಎಲ್ಲಾ ಮನೆಯೊಳಗೆ ಚೆನ್ನಾಗಿ ಕೇಳ್ತಾಳೆ.

ತೊಂದರೆ ಇರೋದು ಬಯಲಲ್ಲಿ. ಮುಧೋಳ ಕಣ್ಣಿನಿಂದ ಬೇಟೆಯಾಡೋ ತಳಿ ಅಲ್ವಾ? ದೂರದಲ್ಲಿ ಅಳಿಲು ಕಂಡರೆ ಸಾಕು, ಕುತ್ತಿಗೆ ನೀಳವಾಗುತ್ತೆ, ಮುಂಗಾಲು ಒಂದು ಗಾಳಿಯಲ್ಲೇ ನಿಲ್ಲುತ್ತೆ, ಬೇಯಿಸಿದ ಕೋಳಿ ಮೂಗಿಗೆ ಹಿಡಿದರೂ ತಿರುಗಿ ನೋಡಲ್ಲ. ಬೈದು ಕಲಿಸೋಕೆ ನನಗೆ ಇಷ್ಟ ಇಲ್ಲ. ಈ ತಳಿ ಬೈದರೆ ಮುದುಡಿ ಹೋಗುತ್ತೆ.

ಇಂಥ ನಾಯಿಗಳಿಗೆ ಕಲಿಸಿದವರು ದಯವಿಟ್ಟು ಹೇಳಿ: ತಿಂಡಿ ಬಿಟ್ಟು ಓಡೋ ಆಟಿಕೆಯನ್ನೇ ಬಹುಮಾನ ಮಾಡಿದ್ರೆ ಗಮನ ನಮ್ಮ ಕಡೆ ಬರುತ್ತಾ? ವೀವ್ ಪೋಲ್‌ಗಳನ್ನು (ನಾಯಿ ಅತ್ತಿತ್ತ ಬಳುಕುತ್ತಾ ನಡುವೆ ನುಸುಳಿ ಸಾಗೋ ಸಾಲು ಕಂಬಗಳು) ಸ್ಪರ್ಧೆಯಲ್ಲಿ 60 ಸೆಂಟಿಮೀಟರ್ ಅಂತರದಲ್ಲಿ ನೆಡ್ತಾರೆ. ಉದ್ದ ಮೈಯ ಎಳೆ ನಾಯಿಗೆ ಬೆನ್ನು ಬಾಗಿಸೋ ಈ ಕಸರತ್ತು ಯಾವಾಗ ಶುರು ಮಾಡಬಹುದು? ಇಲ್ಲಿನ ಗಟ್ಟಿ ಕೆಮ್ಮಣ್ಣಿನ ನೆಲಕ್ಕೆ ಮ್ಯಾಟ್ ಹಾಸಬೇಕಾ?

ಹುಬ್ಬಳ್ಳಿ-ಧಾರವಾಡ, ಬೆಳಗಾವಿ ಕಡೆ ಬೇಲಿ ಹಾಕಿದ ಮೈದಾನ ಗೊತ್ತಿದ್ರೂ ತಿಳಿಸಿ. ಒಟ್ಟಿಗೆ ಅಭ್ಯಾಸ ಮಾಡೋರು ಸಿಕ್ಕರೆ ತುಂಬಾ ಖುಷಿ.