ಲ್ಯಾಪ್‌ಟಾಪ್ ಶುರುವಾಗುತ್ತಿಲ್ಲ, ಒಳಗಿನ ಫೈಲ್ ತೆಗೆಯೋದು ಹೇಗೆ?

ಪ್ರಶ್ನೆ: ಅಪ್ಪನ ಹಳೇ ಲ್ಯಾಪ್‌ಟಾಪ್. ಲೋಗೋ ಬರುತ್ತದೆ, ಆಟೊಮ್ಯಾಟಿಕ್ ರಿಪೇರ್ ಅನ್ನುತ್ತದೆ, ಮತ್ತೆ ಮೊದಲಿನಿಂದ ಶುರು. ಅಂಗಡಿಯಲ್ಲಿ ಫಾರ್ಮ್ಯಾಟ್ ಮಾಡಬೇಕು ಅಂದರು. ಒಳಗೆ ಮದುವೆ ಫೋಟೋ, ಪಹಣಿ ಸ್ಕ್ಯಾನ್ ಎಲ್ಲ ಇದೆ. ಯಾರಾದರೂ ಹೀಗೆ ತೆಗೆದಿದ್ದೀರಾ?

ಉತ್ತರ: ಫಾರ್ಮ್ಯಾಟ್‌ಗೆ ಈಗಲೇ ಹೂಂ ಅನ್ನಬೇಡಿ. ಅಷ್ಟು ದೂರ ಬರುತ್ತದೆ ಅಂದರೆ ಕೆಟ್ಟಿರುವುದು ಬಹುಶಃ ವಿಂಡೋಸ್, ಫೈಲುಗಳು ಇದ್ದಲ್ಲೇ ಇರುತ್ತವೆ. ತಂಗಿಯ ಲ್ಯಾಪ್‌ಟಾಪ್ ಹೀಗೇ ಆದಾಗ ಉಬುಂಟುವಿನಿಂದ (ವಿಂಡೋಸ್ ಥರದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್, ಪೆನ್‌ಡ್ರೈವ್‌ನಿಂದಲೇ ಓಡುತ್ತದೆ) ಎಲ್ಲ ತೆಗೆದೆವು. ಬೇರೆ ಕಂಪ್ಯೂಟರಿನಲ್ಲಿ ಅದನ್ನು ಡೌನ್‌ಲೋಡ್ ಮಾಡಿ, ರೂಫಸ್ ಅನ್ನುವ ಸಣ್ಣ ಪ್ರೋಗ್ರಾಂ ಬಳಸಿ 8 ಜಿಬಿ ಪೆನ್‌ಡ್ರೈವ್‌ಗೆ ಹಾಕಿ (ಅದರಲ್ಲಿದ್ದದ್ದು ಅಳಿಸಿಹೋಗುತ್ತದೆ, ಖಾಲಿಯದ್ದೇ ತಗೊಳ್ಳಿ), ಲ್ಯಾಪ್‌ಟಾಪ್ ಆನ್ ಮಾಡಿದ ಕೂಡಲೇ ಡೆಲ್, ಲೆನೊವೊ ಆದರೆ ಸಾಮಾನ್ಯವಾಗಿ ಎಫ್12, ಎಚ್‌ಪಿ ಆದರೆ ಎಫ್9 ಕೀಯನ್ನು ಒತ್ತುತ್ತಲೇ ಇರಿ, ಪಟ್ಟಿ ಬಂದಾಗ ಪೆನ್‌ಡ್ರೈವ್ ಆರಿಸಿ. ಆಮೇಲೆ 'ಟ್ರೈ ಉಬುಂಟು' ಮಾತ್ರ. 'ಇನ್‌ಸ್ಟಾಲ್' ಕಡೆ ತಲೆ ಹಾಕಬೇಡಿ. ಅದರಲ್ಲಿರುವ ಫೈಲ್ಸ್ ಆ್ಯಪ್‌ನಲ್ಲಿ ಸಿ ಡ್ರೈವ್ ಅನ್ನುವ ಹೆಸರು ಕಾಣುವುದಿಲ್ಲ, ಇಷ್ಟು ಜಿಬಿ ವಾಲ್ಯೂಮ್ ಅಂತ ಇರುತ್ತದೆ. ಅದರೊಳಗೆ ಯೂಸರ್ಸ್, ಅದರೊಳಗೆ ಅಪ್ಪನ ಹೆಸರು. ಎಕ್ಸ್‌ಟರ್ನಲ್ ಡಿಸ್ಕಿಗೆ ಕಾಪಿ ಮಾಡಿ, ಒಂದೆರಡು ಫೋಟೋ ತೆರೆದು ನೋಡಿ. ರಿಪೇರಿ ಆಮೇಲೆ.

ಇನ್ನೊಬ್ಬರು: ಡಿಸ್ಕ್ ತೆರೆಯಲು ಹೋದಾಗ ಕೀ ಕೇಳಿದರೆ ಅದು ಬಿಟ್‌ಲಾಕರ್, ಅಂದರೆ ವಿಂಡೋಸ್ ಡಿಸ್ಕಿಗೆ ಹಾಕುವ ಬೀಗ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಸುಮ್ನೆ ತಾನೇ ಆನ್ ಆಗಿರುತ್ತದೆ, ನಮಗೆ ಗೊತ್ತೇ ಇರುವುದಿಲ್ಲ. 48 ಅಂಕಿಯ ಆ ಕೀ ಸಾಮಾನ್ಯವಾಗಿ ಮೈಕ್ರೋಸಾಫ್ಟ್ ಅಕೌಂಟಿನಲ್ಲೇ ಸೇವ್ ಆಗಿರುತ್ತದೆ, ಫೋನಿನಲ್ಲಿ ಲಾಗಿನ್ ಆಗಿ ಹುಡುಕಿ. ಅದಿಲ್ಲದಿದ್ದರೆ ಯಾವ ಅಂಗಡಿಯವನೂ ಏನೂ ಮಾಡಲಾರ.

ಮತ್ತೊಬ್ಬರು: ಎಲ್ಲಕ್ಕಿಂತ ಮೊದಲು ಕಿವಿಗೊಟ್ಟು ಕೇಳಿ. ಹಳೇದು ಅಂದರೆ ತಿರುಗುವ ಹಾರ್ಡ್‌ಡಿಸ್ಕ್ ಇರಬಹುದು, ಅಲ್ವಾ? ಒಂದೇ ಸಮನೆ ಟಕ್ ಟಕ್ ಅಂದರೆ ತಕ್ಷಣ ಆಫ್ ಮಾಡಿಬಿಡಿ. ಚೆಕ್‌ಡಿಸ್ಕ್ (ವಿಂಡೋಸಿನ ಡಿಸ್ಕ್ ಪರೀಕ್ಷೆ) ಓಡಿಸುವುದು, ಹತ್ತು ಸಲ ಆನ್ ಮಾಡಿ ನೋಡುವುದು ಬೇಡ, ಓದುವ ಹೆಡ್ ಕೆಟ್ಟಿದ್ದರೆ ಪ್ಲೇಟಿನ ಮೇಲೆ ಗೀರು ಬಿದ್ದು ಉಳಿದದ್ದೂ ಹೋಗುತ್ತದೆ. ಅದಕ್ಕೆ ಡೇಟಾ ರಿಕವರಿ ಲ್ಯಾಬೇ ಬೇಕು, ದುಡ್ಡು ಜಾಸ್ತಿ. ಶಬ್ದ ಇಲ್ಲ, ಆದರೆ ಪವರೇ ಬರುತ್ತಿಲ್ಲ ಅಂದರೆ ಡಿಸ್ಕ್ ಬಿಚ್ಚಿ, ಸಾಟಾದಿಂದ (ಡಿಸ್ಕಿನ ಕನೆಕ್ಟರ್) ಯುಎಸ್‌ಬಿಗೆ ಹೋಗುವ ಕೇಬಲ್ ಹಾಕಿ ಇನ್ನೊಂದು ಕಂಪ್ಯೂಟರಿಗೆ ಚುಚ್ಚಿ. ಹಳೇ ಮಾಡೆಲ್‌ಗಳಲ್ಲಿ ಬಿಚ್ಚುವುದು ಸುಲಭ.

ಮಗದೊಬ್ಬರು: ಕೊನೆಗೆ ನನ್ನದೊಂದು. ಅಪ್ಪ ನುಡಿ ಅಥವಾ ಬರಹ ತಂತ್ರಾಂಶದಲ್ಲಿ ಟೈಪ್ ಮಾಡುತ್ತಿದ್ದರೆ ವಿಂಡೋಸ್ ಫೋಲ್ಡರಿನ ಒಳಗಿರುವ ಫಾಂಟ್ಸ್ ಫೋಲ್ಡರನ್ನೂ ಕಾಪಿ ಮಾಡಿಕೊಳ್ಳಿ. ಯೂನಿಕೋಡ್ (ಈಗ ಎಲ್ಲ ಕಡೆ ಬಳಸುವ ಅಕ್ಷರ ಪದ್ಧತಿ) ಅಲ್ಲದ ಹಳೇ ಫೈಲುಗಳು ಆ ಫಾಂಟ್ ಇಲ್ಲದೆ ತೆರೆದುಕೊಳ್ಳುತ್ತವೆ, ಆದರೆ ಕನ್ನಡದ ಜಾಗದಲ್ಲಿ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೋಜಲು ಕಾಣುತ್ತದೆ.